ಹರಕೆ ಕೋಳಿಯ ಆರೈಕೆ

ಜಡಿಗೇನಹಳ್ಳಿ ಕಡೆಯ ಅಪ್ಪಯ್ಯಣ್ಣನಿಗೆ ಗೊತ್ತಿಲ್ಲದ ವಿದ್ಯೆಯೇ ಇರಲಿಲ್ಲ. ಊರಲ್ಲಿ ಬೇರೆ ಯಾರೂ ಈ ಮಾತು ಹೇಳದಿದ್ದ ಕಾರಣ ಪಾಪ ಅವನೇ ಹೇಳಿಕೊಳ್ಳಬೇಕಾಗಿತ್ತು. ಬೆಳಗ್ಗೆ ಜಗಲಿಯಲ್ಲಿ ಹೇಳಿಕೊಳ್ಳುತ್ತಿದ್ದ, ಮಧ್ಯಾಹ್ನ ಬಾವಿಯ ಹತ್ತಿರ ಹೇಳಿಕೊಳ್ಳುತ್ತಿದ್ದ, ಸಂಜೆ ಅರಳಿಕಟ್ಟೆಯ ಮೇಲೆ ಕೂತು ವಿಸ್ತಾರವಾಗಿ ಹೇಳಿಕೊಳ್ಳುತ್ತಿದ್ದ. ಆವತ್ತು ಮಾತ್ರ ಕೆರೆಕೋಡಿ ಮಾರಮ್ಮನ ಗುಡಿಯ ಮುಂದೆ, ಪೂಜಾರಿ ಚಿನ್ನಸ್ವಾಮಿಯ ಎದುರಿಗೆ, ಎದೆ ತಟ್ಟಿಕೊಂಡೇ ಹೇಳಿಬಿಟ್ಟ.

“ಬರೋ ಅಮಾಸೆ ಕಳೀಲಿ ಚಿನ್ನಸ್ವಾಮಿ. ಆ ಕೋಳೀನ ಕುದುರೆ ಮರಿ ಹಂಗೆ ನೆಗ್ಯೋ ಥರ ಮಾಡಿ ಅಮ್ಮನ ಮುಂದೆ ತಂದು ನಿಲ್ಲಿಸ್ದಿದ್ರೆ ನನ್ನೆಸ್ರು ಅಪ್ಪಯ್ಯಣ್ಣನೇ ಅಲ್ಲ!”

“ನೆಗೆಯೋದಿರ್ಲಿ ಅಪ್ಪಯ್ಯಣ್ಣ. ಮೊದ್ಲು ನಿಲ್ಲಿಸು” ಎಂದ ಚಿನ್ನಸ್ವಾಮಿ.

ಆಗಿದ್ದಿಷ್ಟು. ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಬರ, ಬಟ್ಟೆಗೆ ಬರ. ಬೆಂಗಳೂರಿಗೆ ಹೋಗುವ ಬಸ್ಸು ಕೂಡ ಪೆಟ್ರೋಲಿಲ್ಲದೆ ಇದ್ದಿಲ ಹೊಗೆ ಕುಡಿದು ಕ್ಷಯದ ರೋಗಿಯಂತೆ ಕೆಮ್ಮಿಕೊಂಡು ಓಡುತ್ತಿತ್ತು. ಲೋಕಕ್ಕೆಲ್ಲ ಬಂದ ಈ ಕಷ್ಟ ಸಾಲದೆಂಬಂತೆ ಅಪ್ಪಯ್ಯಣ್ಣನ ಮನೆಗೆ ಬೇರೆಯಾಗಿಯೇ ಒಂದಿಷ್ಟು ಬಂತು. ಒಳ್ಳೆ ಎತ್ತು ಕುಂಟತೊಡಗಿತು. ಬಾವಿಯ ಹಗ್ಗ ಕಿತ್ತು ನೀರೆತ್ತುವ ಚೀಲ ತಳ ಸೇರಿತು. ಅದನ್ನು ತೆಗೆಯಲು ಇಳಿದ ಅಪ್ಪಯ್ಯಣ್ಣ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡ. ಇದಕ್ಕೆಲ್ಲ ಕಾರಣ ಏನೆಂದು ಕೇಳಲು ಹೋದಾಗ ಚಿನ್ನಸ್ವಾಮಿ ಕಣ್ಣು ಮುಚ್ಚಿ, ತಲೆ ತೂಗಿ ಹೇಳಿದ್ದು: “ನಿಮ್ಮನೇಲಿ ತೀರಿಸ್ದೇ ಇರೋ ಹರಕೆ ಒಂದೈತೆ.”

ಇತ್ತು. ಎಷ್ಟೋ ವರ್ಷಗಳ ಹಿಂದೆ ಅಪ್ಪಯ್ಯಣ್ಣನ ಹೆಂಡತಿ ಮುನಿತಾಯಮ್ಮ ಬೂದಿ ಬಣ್ಣದ ಒಂದು ಹೇಂಟೆ ಕೋಳಿಮರಿಯನ್ನು ಮಾರಮ್ಮನಿಗೆಂದು ಮೀಸಲು ಬಿಟ್ಟಿದ್ದಳು. ಆ ವರ್ಷವೇ ಅಪ್ಪಯ್ಯಣ್ಣನಿಗೆ ಚಳಿಜ್ವರ ಬಂದು ವಾಸಿಯಾಗಿತ್ತು. ಅಲ್ಲಿಗೆ ಹರಕೆ ಯಾತಕ್ಕೆಂದು ಅವನು ಹೆಂಡತಿಯನ್ನು ಕೇಳುವ ಗೋಜಿಗೇ ಹೋಗಲಿಲ್ಲ. “ನನ್ ಪ್ರಾಣಕ್ಕೆ ಪ್ರಾಣ ಕೊಡೋ ಕೋಳಿ ಅದು!” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. “ತೀರಿಸಿಬಿಡೋಣ್ವೇನೇ?” ಎಂದು ಪ್ರತಿ ವರ್ಷ ಹೆಂಡತಿಯನ್ನು ಕೇಳಿದರೆ, ಅವಳು ಪ್ರತಿ ವರ್ಷವೂ “ಇನ್ನೂ ಹೊತ್ತು ಬಂದಿಲ್ಲ ಬಿಡು” ಎನ್ನುತ್ತಿದ್ದಳು. ಚೆನ್ನಾಗಿ ಮೊಟ್ಟೆ ಇಡುವ ಕೋಳಿ, ಹೆಂಗಸಿಗೆ ಆಸೆ ಎಂದು ಅಪ್ಪಯ್ಯಣ್ಣ ನಕ್ಕು ಸುಮ್ಮನಾಗುತ್ತಿದ್ದ. ಹೀಗೆ ಎಷ್ಟೋ ಹಬ್ಬ, ಎಷ್ಟೋ ಜನ ನೆಂಟರು, ಎಷ್ಟೋ ಕಾಡುಬೆಕ್ಕುಗಳ ಕೈಯಿಂದ ಪಾರಾದ ಆ ಕೋಳಿ ಕೊನೆಗೆ ಮುದಿತನದ ಕೈಗೆ ಸಿಕ್ಕಿಬಿದ್ದಿತ್ತು.

ಈಗ ಅದೇ ಕೋಳಿಯೇ ಬೇಕು ಎಂದ ಚಿನ್ನಸ್ವಾಮಿ. ಬದಲಿ ಕೋಳಿ ನಡೆಯುವುದಿಲ್ಲ. ಆದರೆ ರೋಗದ ಕೋಳಿಯೂ ನಡೆಯುವುದಿಲ್ಲ. ಕಾಲಿನ ಮೇಲೆ ತಾನೇ ನಿಂತು, ಕಣ್ಣು ಬಿಟ್ಟು ಅಮ್ಮನನ್ನು ನೋಡುವ ಕೋಳಿಯಾಗಬೇಕು.

ಅಪ್ಪಯ್ಯಣ್ಣ ಮನೆಗೆ ಬಂದವನೇ ಹಿತ್ತಿಲಿಗೆ ನುಗ್ಗಿದ. ಒರಳುಕಲ್ಲಿನ ಪಕ್ಕದಲ್ಲಿ ಕೋಳಿ ಕೂತಿತ್ತು. ಕೂತಿತ್ತು ಎಂದರೆ ಹೆಚ್ಚಾಯಿತು, ಯಾರೋ ಇಟ್ಟು ಮರೆತಂತಿತ್ತು. ಜುಟ್ಟು ಬಾಡಿ ಒಂದು ಕಡೆಗೆ ಜೋತುಬಿದ್ದಿತ್ತು. ಬಲಗಾಲು ಎತ್ತಲಾರದು, ಎಡಗಣ್ಣು ತೆರೆಯಲಾರದು. ಕತ್ತಿನ ಪುಕ್ಕವೆಲ್ಲ ಉದುರಿ ಹೋಗಿತ್ತು.

“ಇದೇ ತಾನೆ ನಮ್ ಹರಕೆ ಕೋಳಿ?” ಎಂದ ಅನುಮಾನದಿಂದ.

“ಹರಕೆ ಕೋಳಿ ಆಗಿತ್ತು, ಈಗ ಹರಕಲು ಕೋಳಿ ಆಗೈತೆ” ಎಂದಳು ಮುನಿತಾಯಮ್ಮ ಪಾತ್ರೆ ಉಜ್ಜುತ್ತಾ. “ಅದನ್ನ ಯಾಕೆ ಗೋಳುಹುಯ್ಕೋತೀಯ? ಅದರ ಪಾಡಿಗೆ ಅದು ಇರ್ಲಿ.”

“ನಿಂಗೊತ್ತಾಗಲ್ಲ ಸುಮ್ನಿರೇ! ಎತ್ತಿನ ಕಾಲು ನೆಟ್ಟಗಾಗ್ಬೇಕು ಅಂದ್ರೆ ಕೋಳಿ ಕಾಲು ನೆಟ್ಟಗಾಗ್ಬೇಕು. ನೀನು ಕೈ ಹಾಕ್ಬೇಡ. ಎಲ್ಲಾ ನಾನೇ ನೋಡ್ಕೊತೀನಿ.”

“ಎಲ್ಲಾನೂವಾ?”

“ಎಲ್ಲಾನೂ!”

ಈ ಒಂದು ಮಾತು ಮುಂದೆ ಅವನನ್ನು ಎಲ್ಲಿಗೆ ಒಯ್ಯಲಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಮುನಿತಾಯಮ್ಮನಿಗೆ ಗೊತ್ತಿತ್ತು. ಅವಳು ಪಾತ್ರೆ ಉಜ್ಜುವುದನ್ನು ಮುಂದುವರಿಸಿದಳು.

ಮೊದಲನೆಯ ಚಿಕಿತ್ಸೆ ಎತ್ತಿಗೆ ಮಾಡುವಂಥದ್ದು. ಮೆಣಸು, ಬೆಳ್ಳುಳ್ಳಿ, ಓಮ ಅರೆದು ಉಂಡೆ ಕಟ್ಟಿದ. ಕೋಳಿಯನ್ನು ತೊಡೆಯ ಮಧ್ಯೆ ಇರುಕಿಕೊಂಡು, ಬಾಯಿ ಬಿಡಿಸಿ, ಉಂಡೆಯನ್ನು ಹೆಬ್ಬೆರಳಿನಿಂದ ಒಳಗೆ ತಳ್ಳಿದ. ಕೋಳಿ ಉಂಡೆಯನ್ನು ಉಗುಳಿ ಹೆಬ್ಬೆರಳನ್ನು ಇಟ್ಟುಕೊಂಡಿತು.

“ಅಯ್ಯಯ್ಯಪ್ಪಾ! ಬಿಡ್ಸೇ! ಬಿಡ್ಸೇ ಇದನ್ನ!”

“ನಾನು ಕೈ ಹಾಕಂಗಿಲ್ವಲ್ಲ” ಎಂದಳು ಮುನಿತಾಯಮ್ಮ.

ಅಪ್ಪಯ್ಯಣ್ಣನ ಕೂಗಿಗೆ ಪಕ್ಕದ ಮನೆಯ ಸೊಣ್ಣಮ್ಮ ಗೋಡೆಯ ಮೇಲಿಂದ ತಲೆ ಹಾಕಿದಳು. ಊರಿನ ಅರ್ಧ ಮಕ್ಕಳು ಸೊಣ್ಣಮ್ಮನ ಕೈ ಮೇಲೆಯೇ ಹುಟ್ಟಿದ್ದವು. ಆದ್ದರಿಂದ ಅವಳಿಗೆ ಗೊತ್ತಿದ್ದ ವೈದ್ಯ ಒಂದೇ, ಬಾಣಂತನ. ಗಂಡಸರ ತಲೆನೋವಿಗೂ ಅವಳು ಅದನ್ನೇ ಹೇಳುತ್ತಿದ್ದಳು.

“ವಾಯು ಸೇರ್ಕೊಂಡೈತೆ ಕಣಪ್ಪಾ” ಎಂದಳು ಕೋಳಿಯನ್ನು ನೋಡಿ. “ಮೈಗೆ ಹರಳೆಣ್ಣೆ ತಿಕ್ಕು. ಲಕ್ಕಿ ಸೊಪ್ಪು ಹಾಕಿ ನೀರು ಕಾಯ್ಸಿ ದಿನಾ ಎರಿ. ಆಮೇಲೆ ಸಾಂಬ್ರಾಣಿ ಹೊಗೆ ಕೊಟ್ಟು ಬೆಚ್ಚಗೆ ಹೊದ್ಸಿ ಮಲಗ್ಸು. ತಣ್ಣಗಿರೋದು ಏನೂ ಕೊಡ್ಬೇಡ.”

ನಗಬೇಕೋ ಅಳಬೇಕೋ ತಿಳಿಯದೆ ಅಪ್ಪಯ್ಯಣ್ಣ ಹೆಂಡತಿಯ ಕಡೆ ನೋಡಿದ. ಅವಳು ಬೇಕೆಂದೇ ಆಕಾಶ ನೋಡುತ್ತಿದ್ದಳು. ಬೆಂಗಳೂರಿನ ಕಡೆಯಿಂದ ಹಾರಿಬಂದ ವಿಮಾನವೊಂದು ಅಲ್ಲಿ ಗುಂಯ್‌ಗುಡುತ್ತಿತ್ತು. ಎದೆ ತಟ್ಟಿಕೊಂಡು ಆಗಿತ್ತು, ಇನ್ನು ಹಿಂದೆ ಸರಿಯುವ ಹಾಗಿಲ್ಲ.

ಮಾರನೆಯ ದಿನದಿಂದ ಊರಿಗೆ ಪುಕ್ಕಟೆ ನೋಟ ಶುರುವಾಯಿತು. ಹೊಲಕ್ಕೆ ಹೋಗಬೇಕಾದ ಅಪ್ಪಯ್ಯಣ್ಣ ಬೆಳಗ್ಗೆ ಎದ್ದು ಸೌದೆ ಒಡೆಯುವನು. ಹಂಡೆಗೆ ನೀರು ತುಂಬುವನು. ಲಕ್ಕಿ ಸೊಪ್ಪು ತರುವನು. ಕೋಳಿಯನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ನೀರು ಹದ ನೋಡಿ, ಚೊಂಬು ಚೊಂಬಾಗಿ ಎರೆಯುವನು. ಮೊದಮೊದಲು ಕೋಳಿ ಕಿರುಚಿ ರಂಪ ಮಾಡಿತು. ಆಮೇಲೆ ಸುಮ್ಮನಾಯಿತು. ಆಮೇಲಾಮೇಲೆ ಅದಕ್ಕೆ ಆ ಸುಖ ಎಷ್ಟು ಹಿಡಿಸಿತೆಂದರೆ, ನೀರು ಬಿದ್ದ ಕೂಡಲೇ ಕಣ್ಣು ಮುಚ್ಚಿ ಕತ್ತು ನೀಡುತ್ತಿತ್ತು. ಒಂದು ಕಡೆ ಆದ ಮೇಲೆ ತಾನೇ ಹೊರಳಿ ಇನ್ನೊಂದು ರೆಕ್ಕೆ ಎತ್ತುತ್ತಿತ್ತು. ನೀರು ಒಂದಿಷ್ಟು ತಣ್ಣಗಾಗಿದ್ದರೆ ಕುಟುಕುತ್ತಿತ್ತು.

ಊಟದ ವಿಷಯದಲ್ಲೂ ಕೋಳಿಯ ರೀತಿ ಬದಲಾಯಿತು. ತಿಪ್ಪೆ ಕೆದರಿ ಬದುಕಿದ ಪ್ರಾಣಿಗೆ ಈಗ ರಾಗಿ ನೆಲದ ಮೇಲೆ ಹಾಕಿದರೆ ಆಗದು. ಅಂಗೈ ಮೇಲೆ ಹಾಕಬೇಕು. ಅದೂ ಅಪ್ಪಯ್ಯಣ್ಣನ ಅಂಗೈಯೇ ಆಗಬೇಕು. “ಹುಳ ತಿಂದ್ರೆ ಕಾಲಿಗೆ ಕಸುವು ಬರ್ತದೆ” ಎಂದು ಸೊಣ್ಣಮ್ಮ ಗೋಡೆಯ ಆ ಕಡೆಯಿಂದ ಕೂಗಿದ ಮೇಲೆ, ಅಪ್ಪಯ್ಯಣ್ಣ ಒಂದು ಹಳೆಯ ಮಡಕೆ ಹಿಡಿದು ಹುತ್ತ ಹುತ್ತ ಸುತ್ತಿ ಗೆದ್ದಲು ಹುಳ ಆರಿಸತೊಡಗಿದ. ದಾರಿಯಲ್ಲಿ ಹೋಗುವವರು ನಿಂತು ವಿಚಾರಿಸುತ್ತಿದ್ದರು.

“ಏನಪ್ಪಾ ಅಪ್ಪಯ್ಯಣ್ಣ, ಬಾಣಂತಿ ಹೆಂಗವ್ಳೆ?”

“ಗೆದ್ಲು ತಿಂತಾವ್ಳಾ, ಇಲ್ಲ ಹುರಿದು ಕೊಡ್ಬೇಕಾ?”

ಅಪ್ಪಯ್ಯಣ್ಣ ಹಲ್ಲು ಕಡಿಯುತ್ತಿದ್ದ. “ನಗ್ರೋ ನಗ್ರಿ! ಅದು ಎದ್ದು ನಡೆಯೋ ದಿನ ಎಲ್ಲರನ್ನೂ ಕರೆದು ತೋರಿಸ್ತೀನಿ!”

ರಾತ್ರಿ ಚಳಿಯಾದೀತೆಂದು ತನ್ನ ಕಂಬಳಿಯನ್ನೇ ಕೋಳಿಯ ಬುಟ್ಟಿಗೆ ಹೊದಿಸಿದ. ಬೆಳಗ್ಗೆ ಅದೇ ಕಂಬಳಿಯನ್ನು ತಾನು ಹೊದ್ದ. ಕೋಳಿಯ ಮೈಮೇಲೆ ಎಷ್ಟೋ ತಲೆಮಾರಿನಿಂದ ಬೀಡುಬಿಟ್ಟಿದ್ದ ಹೇನುಗಳಿಗೆ ಎಣ್ಣೆ, ಸಾಂಬ್ರಾಣಿ ಹೊಗೆ ಎರಡೂ ಒಗ್ಗಿರಲಿಲ್ಲ. ಅವು ಸಂಸಾರ ಸಮೇತ ಕಂಬಳಿಗೆ ದಾಟಿ, ಕಂಬಳಿಯಿಂದ ಅಪ್ಪಯ್ಯಣ್ಣನ ಬೆನ್ನಿಗೆ ಗುಳೆ ಬಂದವು.

ಪಟೇಲ ವೆಂಕಟರಾಮಪ್ಪ ಊರವರನ್ನು ತನ್ನ ಪಡಸಾಲೆಗೆ ಕರೆಸಿದ್ದು ಅದೇ ವಾರ. ವಿಷಯ ಸಣ್ಣದಲ್ಲ. ಯುದ್ಧದ ಕಾಲದ ಕಾನೂನಿನಂತೆ ಪ್ರತಿ ಮನೆಯವರೂ ಊಟಕ್ಕೆ, ಬಿತ್ತನೆಗೆ ಇಷ್ಟು ಎಂದು ಇಟ್ಟುಕೊಂಡು ಮಿಕ್ಕ ರಾಗಿಯನ್ನು ಸರ್ಕಾರ ಹೇಳಿದ ಬೆಲೆಗೆ ಲೆವಿ ಕೊಡಬೇಕಾಗಿತ್ತು. ಅದನ್ನು ನೋಡಲು ಹೋಬಳಿಯ ಕಂದಾಯದ ಅಧಿಕಾರಿ ಶೇಕ್ದಾರರು ಬರುವವರಿದ್ದರು. ಎಲ್ಲರೂ ಮುಖ ಗಂಟಿಕ್ಕಿಕೊಂಡು ಕೂತಿರುವಾಗ ಅಪ್ಪಯ್ಯಣ್ಣ ಕಂಬಕ್ಕೆ ಬೆನ್ನು ಕೊಟ್ಟು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಉಜ್ಜತೊಡಗಿದ. ಪಕ್ಕದಲ್ಲಿದ್ದವನು ಸ್ವಲ್ಪ ಸರಿದ. ಅವನ ಪಕ್ಕದವನೂ ಸರಿದ. ಒಂದು ಗಳಿಗೆಯಲ್ಲಿ ಅರ್ಧ ಪಡಸಾಲೆ ಖಾಲಿಯಾಗಿ ಎಲ್ಲರೂ ಇನ್ನರ್ಧದಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದರು. ಮಾತಾಡುತ್ತಿದ್ದ ಪಟೇಲನ ಕೈ ತನಗರಿವಿಲ್ಲದೆಯೇ ತನ್ನ ಕತ್ತಿನ ಹಿಂದಕ್ಕೆ ಹೋಯಿತು.

“ಅಪ್ಪಯ್ಯಣ್ಣ” ಎಂದ ಪಟೇಲ ಕೆರೆದುಕೊಳ್ಳುತ್ತಾ, “ನೀನು ಇನ್ಮೇಲೆ ಮೀಟಿಂಗಿಗೆ ಬರ್ಬೇಡ. ನಿಮ್ಮನೆ ಕೋಳೀನೂ ಕಳಿಸ್ಬೇಡ.”

ಮೀಟಿಂಗು ಹೋದರೆ ಹೋಗಲಿ, ಶೇಕ್ದಾರರ ವಿಷಯದಲ್ಲಿ ಅಪ್ಪಯ್ಯಣ್ಣನಿಗೆ ಚಿಂತೆ ಇರಲಿಲ್ಲ. ಅವನ ಮನೆಯ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಹಗೇವು ಇತ್ತು. ಹಗೇವೆಂದರೆ ನೆಲದೊಳಗೆ ಆಳವಾಗಿ ತೋಡಿ ರಾಗಿ ತುಂಬಿಡುವ ಗುಂಡಿ. ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮೆತ್ತಿ, ಅದರ ಮೇಲೆ ಹುಲ್ಲು ಹರಡಿದ್ದ. ಅನುಗೊಂಡನಹಳ್ಳಿಗೆ ಕೊಟ್ಟಿದ್ದ ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಮನೆ ತುಂಬ ಜನ ಆಗುವ ಹೊತ್ತಿಗೆ ರಾಗಿಗೆ ಯಾರ ಮುಂದೆ ಕೈಯೊಡ್ಡುವುದು ಎಂಬುದು ಗಂಡಹೆಂಡಿರಿಬ್ಬರ ಯೋಚನೆ.

“ಯಾರ ಹತ್ರಾನೂ ಬಾಯಿ ಬಿಡ್ಬೇಡ” ಎಂದಿದ್ದಳು ಮುನಿತಾಯಮ್ಮ.

“ನನ್ಗೆ ಹೇಳ್ಕೊಡ್ತೀಯ? ಇಂಗ್ಲೆಂಡಿಂದ ದೊರೆಯೇ ಬಂದು ಹುಡುಕಿದ್ರೂ ಸಿಗಲ್ಲ. ಬಂದೋಬಸ್ತು ಮಾಡಿರೋನು ಯಾರು?”

ಶೇಕ್ದಾರರು ಬಂದರು. ಖಾಕಿ ಕೋಟು, ತಲೆಗೆ ರುಮಾಲು, ಜೊತೆಗೆ ಪಟೇಲ. ಒಳ್ಳೆಯ ಮನುಷ್ಯರು. ಒಳಗೆ ರಾಗಿ ತುಂಬಿಟ್ಟಿದ್ದ ಮಣ್ಣಿನ ವಾಡೆಗೆ ಕೈ ಹಾಕಿ ನೋಡಿದರು, ಮನೆಯಲ್ಲಿ ಜನ ಎಷ್ಟೆಂದು ಕೇಳಿದರು, ಮುನಿತಾಯಮ್ಮ ಕೊಟ್ಟ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡರು. ಕೊಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. “ಸರಿಯಪ್ಪಾ, ಬರ್ತೀವಿ” ಎಂದು ಹೊರಟು ಬೀದಿಬಾಗಿಲು ದಾಟಿದರು. ಮುನಿತಾಯಮ್ಮ ಉಸಿರು ಬಿಟ್ಟಳು.

ಸರಿಯಾಗಿ ಆಗ, ಹಿತ್ತಿಲಲ್ಲಿ ಎಣ್ಣೆನೀರು ಮುಗಿಸಿ ಗೋಣಿಚೀಲದ ಮೇಲೆ ಬಿಸಿಲು ಕಾಯುತ್ತಿದ್ದ ಕೋಳಿ ಎದ್ದು ನಿಂತಿತು.

ಅಪ್ಪಯ್ಯಣ್ಣನ ಕಣ್ಣಿಗೆ ಬಿತ್ತು. ಅವನು ಉಸಿರು ಹಿಡಿದ. ಕೋಳಿ ಬಲಗಾಲು ಎತ್ತಿತು. ಮುಂದಕ್ಕಿಟ್ಟಿತು. ಎಡಗಾಲು ಎತ್ತಿತು. ಅದನ್ನೂ ಮುಂದಕ್ಕಿಟ್ಟಿತು. ಸ್ವಲ್ಪ ವಾಲಿತು, ಸಾವರಿಸಿಕೊಂಡಿತು, ನಡೆಯಿತು! ತನ್ನ ಮಗಳು ಮೊದಲ ಹೆಜ್ಜೆ ಇಟ್ಟಾಗಲೂ ಅಪ್ಪಯ್ಯಣ್ಣನ ಕಣ್ಣಲ್ಲಿ ನೀರು ಬಂದಿರಲಿಲ್ಲ. ಈಗ ಬಂತು. ಇಂಥ ಗಳಿಗೆಯಲ್ಲಿ ಮನುಷ್ಯನಾದವನು ಸುಮ್ಮನಿರಲು ಸಾಧ್ಯವೇ? ಬೇರೆಯವರಿಗೆ ಸಾಧ್ಯವಿರಬಹುದು. ಅಪ್ಪಯ್ಯಣ್ಣ ಬೀದಿಗೆ ಓಡಿದ.

“ಶೇಕ್ದಾರ್ ಸ್ವಾಮೀ! ಪಟೇಲ್ರೇ! ನಿಂತ್ಕಳಿ! ಬನ್ನಿ, ವಾಪಸ್ ಬನ್ನಿ! ನಾನು ವಾಸಿ ಮಾಡಿರೋ ಕೋಳಿ ನೋಡ್ಕೊಂಡು ಹೋಗಿ!”

“ಬ್ಯಾಡ ಕಣೋ!” ಎಂದಳು ಮುನಿತಾಯಮ್ಮ. ಗಂಡನಿಗೆ ಅವಳು ‘ಕಣೋ’ ಎಂದದ್ದು ಜೀವಮಾನದಲ್ಲಿ ಅದೊಂದೇ ಸಲ.

ಕೇಳಿಸಿಕೊಳ್ಳುವವರು ಯಾರು? ಅವನು ಶೇಕ್ದಾರರ ಕೈ ಹಿಡಿಯದಿದ್ದದ್ದೊಂದು ಬಾಕಿ, ಅವರನ್ನು ಎಳೆದುಕೊಂಡೇ ಬಂದಂತೆ ಹಿತ್ತಿಲಿಗೆ ಕರೆತಂದ. “ಕಾಲೇ ಇರ್ಲಿಲ್ಲ ಸ್ವಾಮಿ ಇದಕ್ಕೆ! ಕಣ್ಣಿರ್ಲಿಲ್ಲ! ಎಲ್ಲಾ ಈ ಕೈಯಿಂದ! ಈಗ ನೋಡಿ ನಡಿಗೆ!”

ನಡಿಗೆ ಚೆನ್ನಾಗಿಯೇ ಇತ್ತು. ನೆಟ್ಟಗೆ ಕೊಟ್ಟಿಗೆಯ ಕಡೆಗಿತ್ತು. ದಿನವೂ ಗೆದ್ದಲು ತಿಂದು ರುಚಿ ಹತ್ತಿದ್ದ ಕೋಳಿಗೆ ಒಣಹುಲ್ಲು, ಹೊಸ ಮಣ್ಣು ಇರುವ ಕಡೆ ಗೆದ್ದಲು ಇರುತ್ತದೆಂದು ಬೇರೆ ಹೇಳಿಕೊಡಬೇಕೆ? ಶೇಕ್ದಾರರು ನೋಡುತ್ತಿದ್ದಂತೆ ಅದು ಮೂಲೆಗೆ ಹೋಗಿ, ಇಷ್ಟು ದಿನದಿಂದ ಕೂಡಿಟ್ಟ ಕಸುವನ್ನೆಲ್ಲ ಎರಡು ಕಾಲಿಗೂ ತಂದುಕೊಂಡು ಕೆದರಿತು. ಹುಲ್ಲು ಹಾರಿತು. ಇನ್ನೊಮ್ಮೆ ಕೆದರಿತು. ಮಣ್ಣು ಹಾರಿತು. ಅಪ್ಪಯ್ಯಣ್ಣನ ನಗು ಮುಖದ ಮೇಲೆಯೇ ಒಣಗಿತು.

“ಭೇಷ್! ಕಾಲು ಬಲವಾಗಿದೆ” ಎಂದರು ಶೇಕ್ದಾರರು. ಆಮೇಲೆ ಬಗ್ಗಿದರು. “ಅಲ್ಲೇನಯ್ಯ ಅದು, ಚಪ್ಪಡಿ?”

“ಅದಾ? ಅದು... ಎತ್ತು ಜಾರ್ದಿರ್ಲಿ ಅಂತ ಹಾಕಿರೋ ಕಲ್ಲು ಸ್ವಾಮಿ.”

“ಎತ್ತು ಅಷ್ಟು ಮೂಲೇಲಿ ಯಾಕಯ್ಯ ನಿಲ್ಲುತ್ತೆ?”

ಅಪ್ಪಯ್ಯಣ್ಣನಿಗೆ ಗೊತ್ತಿಲ್ಲದ ವಿದ್ಯೆ ಮೊದಲ ಸಲ ಒಂದು ಸಿಕ್ಕಿತು.

ಸಂಜೆಯ ಹೊತ್ತಿಗೆ ಹಗೇವಿನ ರಾಗಿ ಗಾಡಿಯಲ್ಲಿತ್ತು. ಬಚ್ಚಿಟ್ಟದ್ದಕ್ಕೆ ದಂಡ ಹಾಕಬೇಕಾಗಿತ್ತು, ಆದರೆ ಬಚ್ಚಿಟ್ಟವನೇ ಕರೆದು ತೋರಿಸಿದ್ದರಿಂದ ಅದನ್ನು ಮಾಫು ಮಾಡಿದ್ದೇನೆಂದು ಶೇಕ್ದಾರರು ಹೇಳಿಹೋದರು. ಮಗಳ ಬಾಣಂತನಕ್ಕಾಗುವಷ್ಟನ್ನು ಪಟೇಲ ಮಾತಾಡಿ ಬಿಡಿಸಿಕೊಟ್ಟ. ಗಾಡಿ ಬೀದಿ ತಿರುಗುವುದನ್ನೇ ನೋಡುತ್ತಾ ಮುನಿತಾಯಮ್ಮ ಬಾಗಿಲಲ್ಲಿ ನಿಂತಿದ್ದಳು.

“ಕೋಳಿಗೆ ಕಾಲು ಬಂತು” ಎಂದಳು ಕೊನೆಗೆ. “ನಮ್ದು ಮುಕ್ಕಾಲು ಹೋಯ್ತು.”

ಅಪ್ಪಯ್ಯಣ್ಣನಿಗೆ ರೋಷ ಉಕ್ಕಿತು. ತನ್ನ ಮೇಲೆ ಉಕ್ಕಬೇಕಾಗಿದ್ದ ರೋಷ, ಅಭ್ಯಾಸವಿಲ್ಲದ್ದರಿಂದ, ಕೋಳಿಯ ಮೇಲೆ ಉಕ್ಕಿತು. “ಬರೋ ಮಂಗಳವಾರ! ಅಮಾಸೆಗೂ ಕಾಯಲ್ಲ! ಈ ದ್ರೋಹೀನ ಅಮ್ಮನಿಗೆ ಒಪ್ಪಿಸಿ ಕೈ ತೊಳ್ಕೊತೀನಿ!” ಎಂದು ಗುಡುಗಿದ. ಹಾಗೆಂದು ಮಂಗಳವಾರದವರೆಗೆ ನೀರೆರೆಯುವುದನ್ನೇನೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅದು ಕುಟುಕುತ್ತಿತ್ತು.

ಮಂಗಳವಾರ ಕೋಡಿಯ ಹತ್ತಿರ ಜನ ಸೇರಿದ್ದರು. ಮುನಿತಾಯಮ್ಮ ತಟ್ಟೆಯಲ್ಲಿ ಕಾಯಿ, ಅರಿಸಿನ, ಬೇವಿನ ಸೊಪ್ಪು ಇಟ್ಟುಕೊಂಡು ಬಂದಿದ್ದಳು. ಚಿನ್ನಸ್ವಾಮಿ ಕತ್ತಿಯನ್ನು ಅಮ್ಮನ ಮುಂದಿಟ್ಟು ಪೂಜೆ ಮಾಡಿದ. ಅರಿಸಿನದ ನೀರನ್ನು ತಲೆಯ ಮೇಲೆ ಹಾಕಿದಾಗ ಕೋಳಿ ಒಮ್ಮೆ ಮೈ ಕೊಡವಬೇಕು. ಕೊಡವಿದರೆ ಅಮ್ಮ ಒಪ್ಪಿದಳೆಂದು ಅರ್ಥ. ಅಲ್ಲಿಯವರೆಗೆ ಯಾರೂ ಕತ್ತಿ ಮುಟ್ಟುವಂತಿಲ್ಲ. ಸಾಧಾರಣ ಕೋಳಿಗಳು ಮೊದಲ ಹನಿಗೇ ಕೊಡವಿಬಿಡುತ್ತವೆ.

ಚಿನ್ನಸ್ವಾಮಿ ಬೇವಿನ ಸೊಪ್ಪಿನಿಂದ ನೀರು ಚಿಮುಕಿಸಿದ. ಕೋಳಿ ಕಣ್ಣು ಮುಚ್ಚಿತು.

“ಇನ್ನೊಂದಿಷ್ಟು ಹಾಕು” ಎಂದ ಅಪ್ಪಯ್ಯಣ್ಣ.

ಹಾಕಿದ. ಕೋಳಿ ಕತ್ತು ನೀಡಿತು.

“ಧಾರಾಳವಾಗಿ ಹಾಕಯ್ಯ! ಕೆರೆ ಪಕ್ಕದಲ್ಲೇ ನಿಂತು ನೀರಿಗೆ ಜಿಪುಣತನ ಮಾಡ್ತೀಯ!”

ಚಿನ್ನಸ್ವಾಮಿ ಚೊಂಬನ್ನೇ ಬಗ್ಗಿಸಿದ. ಕೋಳಿ ಹಾಯಾಗಿ ಹೊರಳಿ, ಇನ್ನೊಂದು ರೆಕ್ಕೆ ಎತ್ತಿ ಕೊಟ್ಟಿತು.

ಜನ ಕಿಸಕ್ಕೆಂದರು. ಅಪ್ಪಯ್ಯಣ್ಣ ತಾಳಲಾರದೆ ಚೊಂಬು ಕಿತ್ತುಕೊಂಡು ಕೆರೆಯಿಂದ ತುಂಬಿ ತಂದ. ಅವಸರದಲ್ಲಿ ಕಾಲು ಕಲ್ಲಿಗೆ ತಾಗಿ ಅರ್ಧ ನೀರು ಅವನ ಮೈಮೇಲೆಯೇ ಸುರಿಯಿತು. ಹೇನು ಕಚ್ಚಿ ಹುಣ್ಣಾಗಿದ್ದ ಬೆನ್ನಿಗೆ ಆ ತಣ್ಣೀರು ಸೋಕಿದ್ದೇ ತಡ, ಅಪ್ಪಯ್ಯಣ್ಣ ಅಡಿಯಿಂದ ಮುಡಿಯವರೆಗೆ ಭರ್ರನೆ ಮೈ ಕೊಡವಿದ.

“ಕೊಡವ್ತು! ಕೊಡವ್ತು!” ಎಂದು ಹಿಂದೆ ನಿಂತಿದ್ದ ಸೊಣ್ಣಮ್ಮ ಕೈಮುಗಿದು ಕೂಗಿದಳು.

“ಕೊಡವಿದ್ದು ಕೋಳಿ ಅಲ್ಲ ಸೊಣ್ಣಮ್ಮ” ಎಂದ ಚಿನ್ನಸ್ವಾಮಿ ಗಂಭೀರವಾಗಿ. “ಅಪ್ಪಯ್ಯಣ್ಣ.”

ಎಲ್ಲರೂ ಒಮ್ಮೆ ಕತ್ತಿಯನ್ನು ನೋಡಿದರು, ಒಮ್ಮೆ ಅಪ್ಪಯ್ಯಣ್ಣನನ್ನು ನೋಡಿದರು. ಅಪ್ಪಯ್ಯಣ್ಣ ಮೆಲ್ಲಗೆ ಹಿಂದೆ ಸರಿದ.

ಚಿನ್ನಸ್ವಾಮಿ ಗಲ್ಲ ಕೆರೆದುಕೊಂಡು ಯೋಚಿಸಿದ. ಅಮ್ಮ ಹೀಗೆ ಮೊಂಡು ಹಿಡಿದದ್ದನ್ನು ಅವನು ಕಂಡಿರಲಿಲ್ಲ. ಆಮೇಲೆ, ಇಷ್ಟು ವರ್ಷದಲ್ಲಿ ಯಾರಿಗೂ ಹೊಳೆಯದ ಪ್ರಶ್ನೆಯನ್ನು ಮುನಿತಾಯಮ್ಮನಿಗೆ ಕೇಳಿದ.

“ಅಲ್ಲಮ್ಮ, ಹರಕೆ ಹೊತ್ತೋಳು ನೀನು. ಏನಂತ ಕೇಳ್ಕೊಂಡು ಹೊತ್ತೆ?”

“ಅದೇನು ಕೇಳೋದು? ನನ್ ಚಳಿಜ್ವರಕ್ಕೆ!” ಎಂದ ಅಪ್ಪಯ್ಯಣ್ಣ.

“ಜ್ವರಕ್ಕಲ್ಲ. ಜ್ವರಕ್ಕೆ ಕಷಾಯ ಕೊಟ್ಟಿದ್ದೆ” ಎಂದಳು ಮುನಿತಾಯಮ್ಮ.

“ಮತ್ತೆ?”

ಅವಳು ಸೆರಗು ಸರಿಮಾಡಿಕೊಂಡಳು. ಜನರ ಕಡೆ ನೋಡಿದಳು. ಹೇಳುವುದೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿದಳು. ಗಾಡಿಯ ಮೇಲೆ ಹೋದ ರಾಗಿ ನೆನಪಾಗಿರಬೇಕು, ಹೇಳಿಯೇಬಿಟ್ಟಳು.

“ನನ್ ಗಂಡ ಜಂಬ ಕೊಚ್ಕೊಳ್ಳೋದು ನಿಲ್ಲಿಸ್ಲಿ ತಾಯೀ, ನಿಲ್ಲಿಸಿದ ದಿನ ಈ ಕೋಳಿ ನಿಂಗೆ ಅಂತ ಕೇಳ್ಕೊಂಡಿದ್ದೆ.”

ಚಿನ್ನಸ್ವಾಮಿ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ.

“ಹಂಗನ್ನು ಮತ್ತೆ” ಎಂದ. “ಮಾಡದೇ ಇರೋ ಕೆಲ್ಸಕ್ಕೆ ಅಮ್ಮ ಹೆಂಗೆ ಕೂಲಿ ತಗೊಂಡಾಳು? ಕರ್ಕೊಂಡು ಹೋಗಿ.”

ಅಪ್ಪಯ್ಯಣ್ಣ ಒದ್ದೆ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೆಂಡತಿಯ ಹಿಂದೆ ಏರಿಯ ಮೇಲೆ ನಡೆದ. ಮುನಿತಾಯಮ್ಮ ಎರಡು ಸಲ ತಿರುಗಿ ನೋಡಿದಳು. ಪಾಪ, ಹತ್ತು ಜನರ ಮುಂದೆ ಹೇಳಬಾರದಿತ್ತೇನೋ ಎನ್ನಿಸಿತು. ಅಷ್ಟರಲ್ಲಿ ಅವನೇ ನಿಂತ. 

“ಜಂಬ ತಾನೆ? ಬಿಟ್ಟೆ ಹೋಗು! ಇವತ್ತಿಂದ ನೋಡ್ತಾ ಇರು. ಈ ಹೋಬಳೀಲಿ ನನ್ನಂಗೆ ತಗ್ಗಿ ನಡೆಯೋ ಗಂಡ್ಸು ಇನ್ನೊಬ್ಬ ಹುಟ್ಟೇ ಇಲ್ಲ ಅನ್ನಿಸಿಬಿಡ್ತೀನಿ!”

ಮುನಿತಾಯಮ್ಮ ಹತ್ತಿರ ಬಂದು ಗಂಡನ ಕಂಕುಳಿಂದ ಕೋಳಿಯನ್ನು ತೆಗೆದುಕೊಂಡು, ಅದರ ಒದ್ದೆ ಕತ್ತನ್ನು ಸೆರಗಿನಿಂದ ಒರೆಸಿದಳು.

“ನೀನೇನೂ ಭಯ ಬೀಳ್ಬೇಡ ಕಣವ್ವ” ಎಂದಳು ಕೋಳಿಗೆ. “ನಿನ್ ಆಯಸ್ಸು ಗಟ್ಟಿಯಾಗೈತೆ.”